ದೀಪ ಆರಿಸಿದವರಿಗೆ

ಸಸಿಹಿತ್ಲಿನ ಮೀನು ಮಾರುವ ಹೆಂಗಸರ ಸಂಘಕ್ಕೆ —
ಕಡಲಾಮೆ ಸಂರಕ್ಷಣಾ ಸಭೆಯ ನಡಾವಳಿಯಲ್ಲಿ
ನಿಮಗೆ ಸಿಕ್ಕಿದ್ದು ಕೊನೆಯ ಸಾಲು:
‘ಉಪಾಹಾರ ಸಹಕಾರ’.
ಬರೆದವ ನಾನೇ. ತಪ್ಪಾಯಿತು.

ನಕ್ಷೆ, ಅಂಕಿಅಂಶ ಮುಗಿದು
ಹಸಿದು ಹೊರಬಂದರೆ
ಶಾಮಿಯಾನದ ತುಂಬ ಕತ್ತಲೆ.
ಕರೆಂಟು ಹೋಯಿತೇ ಎಂದೆ.
‘ಹೋದದ್ದಲ್ಲ, ತೆಗೆದದ್ದು’ ಎಂದರು ವಾರಿಜ ಮೆಂಡನ್,
‘ಆಮೆ ಬರುವ ಹೊತ್ತು.’

ಆಮೇಲೆ ಬರೇ ಕೈಗಳು.
ಬಾಳೆಲೆ ಚೂರು, ಬಿಸಿ ಪುಂಡಿ,
ಬಂಗುಡೆ ಪುಳಿಮುಂಚಿ,
ಮುಳ್ಳುಂಟು, ಜಾಗ್ರತೆ ಎಂಬ ಪಿಸುದನಿ.
ಕತ್ತಲಲ್ಲಿ ಮುಳ್ಳು ಕಾಣುವುದು ಹೇಗೆ?
ನಾಲಗೆ ಕಲಿಯಿತು.

ಹೊದಿಸಲು ತಂದ ಶಾಲು
ಯಾವ ಹೆಗಲಿಗೆಂದು ತಿಳಿಯದೆ
ಚೀಲದಲ್ಲೇ ಉಳಿಯಿತು.
ಈಗ ಅದರೊಳಗೇ ಮಡಚಿಟ್ಟಿದ್ದೇನೆ ಈ ಕಾಗದ.
ರಾತ್ರಿ ಕಾವಲು ಕೂರುವವರು ಹೊದೆಯಲಿ, ಸರದಿಯಲ್ಲಿ.

ಅಂದು ಆಮೆ ಬಂತೇ?
ನಾವು ಕೈ ತೊಳೆದು
ಹೆಡ್‌ಲೈಟು ಹಾಕಿ
ಹೊರಟುಬಿಟ್ಟೆವು.