ಕಲ್ಲುಹೂವಿನ ಗಿರಾಕಿ

ನಮೂನೆಯ ನಾಲ್ಕನೇ ಕಾಲಮ್ಮಿನಲ್ಲಿ
ಒಂದೇ ಪ್ರಶ್ನೆ: ಇದನ್ನು ಕೊಳ್ಳುವವರು ಯಾರು?
ಐಲಾ ರೌತಕೋರ್ಪಿ ಕನ್ನಡಕ ತೆಗೆದು ಒರೆಸಿ
ಮತ್ತೆ ಹಾಕಿಕೊಂಡು, ಮತ್ತೆ ಓದಿ,
ಪೆನ್ಸಿಲಿನಲ್ಲಿ ಬರೆದರು: ಗೊತ್ತಿಲ್ಲ.
ಆಮೇಲೆ ಅದರ ಪಕ್ಕ, ಇನ್ನೂ ಸಣ್ಣಕ್ಷರದಲ್ಲಿ:
ಕಲ್ಲುಹೂವನ್ನೇ ಕೇಳಿ ನೋಡಬೇಕು.

ತುರ್ಕು ಊರಿನ ಔರಾ ಹೊಳೆ
ಅಂದು ಅರ್ಧ ಹೆಪ್ಪುಗಟ್ಟಿತ್ತು.
ನನ್ನ ಕೋಣೆ ಮೂರನೇ ಮಹಡಿ, ಜೆರಾಕ್ಸ್ ಯಂತ್ರದ ಪಕ್ಕ.
ಬಾಗಿಲ ಮೇಲೆ ನನ್ನ ಹುದ್ದೆಯ ಹೆಸರು
ಎರಡು ಸಾಲು ಉದ್ದ; ಅರ್ಥ ಇಷ್ಟೆ:
ಒಳಗೆ ಹೊಳೆದದ್ದನ್ನು ಹೊರಗೆ ದಾಟಿಸುವವ.
ಅಂಬಿಗ ಅನ್ನಿ ಬೇಕಾದರೆ. ದಲ್ಲಾಳಿ ಅನ್ನುವವರೂ ಇದ್ದಾರೆ,
ಊಟದ ಹಾಲಿನಲ್ಲಿ, ನನಗೆ ಕೇಳುವ ಹಾಗೆ.

ಇಪ್ಪತ್ತೆರಡು ವರ್ಷ ಅವರು ಕೇಳಿದ್ದು ಒಂದೇ:
ಬಂಡೆಗೆ ಅಂಟಿದ ಈ ಬೂದುಬಣ್ಣದ ಜೀವ
ಮೈಯೊಳಗಿನ ನೀರು ಗಾಜಿನ ಚೂರಾಗದಂತೆ
ಚಳಿಗಾಲವನ್ನು ಹೇಗೆ ಕಳೆಯುತ್ತದೆ?
ಉತ್ತರವಾಗಿ ಸಿಕ್ಕಿದ್ದು ಒಂದು ಪ್ರೋಟೀನು,
ಹಿಮದ ಹರಳಿಗೆ ಹಲ್ಲು ಮೂಡುವ ಮೊದಲೇ
ಅದರ ಬಾಯಿಗೆ ಬೆರಳಿಡುವಂಥದ್ದು.
ಶೀಷೆಯಲ್ಲಿ ಅಲ್ಲಾಡಿಸಿ ತೋರಿಸಿದರು.
ನೀರಿನ ಹಾಗೇ ಇತ್ತು. ನಾನು ಹಾಗೆಂದು ಹೇಳಲಿಲ್ಲ.

ಮಂಗಳವಾರ ಅವರ ಪೋಸ್ಟರು
ಓಸ್ಲೋದ ಸಮ್ಮೇಳನದಲ್ಲಿ ಹಲಗೆಗೇರಬೇಕಿತ್ತು.
ಸೋಮವಾರ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದೆ:
ದಯವಿಟ್ಟು ಸುತ್ತಿ ಇಡಿ, ಬಿಚ್ಚಬೇಡಿ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು;
ಪೇಟೆಂಟು ಕಚೇರಿಯ ಧರ್ಮಶಾಸ್ತ್ರವೂ ಅಷ್ಟೆ.
ಆರು ವಾರ ಬಾಯಿಗೆ ಬೀಗ.
ಆ ಕಡೆ ಉಸಿರು ಮಾತ್ರ ಕೇಳಿಸಿತು. ಆಮೇಲೆ,
"ನಾನು ಯಾರಿಂದಲೂ ಏನನ್ನೂ ಮುಚ್ಚಿಟ್ಟವಳಲ್ಲ.
ನಮ್ಮಪ್ಪ ದೋಣಿ ಕಟ್ಟುವವ; ಅಳತೆ ಕೇಳಿದವರಿಗೆಲ್ಲ
ಹಲಗೆಯ ಚೂರಿನ ಮೇಲೇ ಬರೆದು ಕೊಡುತ್ತಿದ್ದ."
ಓಸ್ಲೋದಲ್ಲಿ ಖಾಲಿ ಹಲಗೆ, ನಾಲ್ಕು ಗುಂಡುಪಿನ್ನು.
ಅದರೆದುರು ಎರಡು ದಿನ ನಿಂತಿದ್ದರಂತೆ,
ಬಂದವರಿಗೆ ಹವಾಮಾನದ ವಿಷಯ ಹೇಳುತ್ತ.

ಸ್ಟಾಕ್‌ಹೋಮಿನಿಂದ ಹೂಡಿಕೆದಾರ ಬಂದ,
ಬೂಟಿನ ಮೇಲೆ ಒಂದು ಚೂರು ಹಿಮವಿಲ್ಲ.
ಎರಡು ವರ್ಷದಲ್ಲಿ ಮಾರುಕಟ್ಟೆಗೆ ಬಂದೀತೆ ಎಂದ.
ಇದು ವರ್ಷಕ್ಕೆ ಅರ್ಧ ಮಿಲಿಮೀಟರು ಬೆಳೆಯುತ್ತದೆ
ಎಂದರು ಐಲಾ, ಹೆಮ್ಮೆಯಿಂದ.
ಮೇಜಿನಡಿ ನಾನು ಕಾಲು ತುಳಿಯಲಿಲ್ಲ; ತುಳಿಯಬೇಕಿತ್ತು.
ಅವನು ಐಸ್‌ಕ್ರೀಮು ಎಂದ. ಹರಳು ಕಟ್ಟದ ಐಸ್‌ಕ್ರೀಮು.
ಕಾಗದದ ಕರವಸ್ತ್ರದ ಮೇಲೆ ದೊಡ್ಡ ಸಂಖ್ಯೆಯೊಂದನ್ನು ಬರೆದ.
ಐಲಾ ಅದರಿಂದ ಚೆಲ್ಲಿದ ಕಾಫಿ ಒರೆಸಿದರು.
ಬೇಕೆಂದಲ್ಲ. ಅದು ಕರವಸ್ತ್ರವಾಗಿತ್ತು.

ಹಾಗಾಗಿ ಫೆಬ್ರವರಿಯ ಒಂದು ಗುರುವಾರ
ನಾನೇ ಅವರನ್ನು ಬಸ್ಸಿನಲ್ಲಿ ಕರೆದೊಯ್ದೆ,
ಕಣ್ಣಿನ ಆಸ್ಪತ್ರೆಯ ನೆಲಮಾಳಿಗೆಗೆ.
ಅಲ್ಲಿ ತುಯಿರೆ ಎಂಬ ನರ್ಸು
ತಂಪುಪೆಟ್ಟಿಗೆಯ ಬಾಗಿಲು ತೆರೆದಿಟ್ಟು
ದಿನ ಮೀರಿದ ಬಾಟಲಿಗಳನ್ನು ಆರಿಸುತ್ತಿದ್ದಳು.
ಒಂದೊಂದರಲ್ಲೂ ಈರುಳ್ಳಿಯ ಒಳಪೊರೆಯಷ್ಟು ತೆಳು,
ಸತ್ತವರು ಬಿಟ್ಟುಕೊಟ್ಟ ಕಾರ್ನಿಯಾ.
ಕೊಟ್ಟವರಿದ್ದರು, ಬೇಕಾದವರೂ ಇದ್ದರು,
ಲಾಪ್‌ಲ್ಯಾಂಡಿನ ಹಿಮಗಾಳಿಗೆ ವಿಮಾನ ಏಳಲಿಲ್ಲ.
"ಇವತ್ತಿಗೆ ಮೂರು" ಎಂದು ಹಳದಿ ಚೀಲಕ್ಕೆ ಹಾಕಿದಳು,
ಹಾಲಿನ ಲೆಕ್ಕ ಹೇಳುವಷ್ಟು ಮಾಮೂಲಾಗಿ.

ಐಲಾ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:
ಇನ್ನೆಷ್ಟು ದಿನ ಉಳಿದರೆ ನಿಮಗೆ ಸಾಕು?
ತುಯಿರೆ ಕೈಗವಸು ಕಳಚುತ್ತ ಯೋಚಿಸಿದಳು.
ಹತ್ತು. ಹತ್ತು ದಿನ ಸಿಕ್ಕರೆ
ನಾನು ಈ ಚೀಲ ಕಟ್ಟುವುದನ್ನೇ ಮರೆತೇನು.

ವಾಪಸು ಬರುವಾಗ ಬಸ್ಸಿನಲ್ಲಿ ನಮೂನೆ ಕೇಳಿ ತೆಗೆದುಕೊಂಡು
'ಗೊತ್ತಿಲ್ಲ'ವನ್ನು ರಬ್ಬರಿನಿಂದ ಉಜ್ಜಿದರು.
ರಸ್ತೆ ಕುಲುಕಿ ಅಕ್ಷರ ಸೊಟ್ಟಗಾದವು:
ತುಯಿರೆ. ನೆಲಮಾಳಿಗೆ. ಹತ್ತು ದಿನ.

ಕಂಪನಿಗೆ ಈಗ ಹೆಸರಿದೆ, ಎರಡು ಫ್ರಿಜ್ಜಿವೆ, ಸಾಲ ಇದೆ;
ಹದಿನಾಲ್ಕು ತಿಂಗಳಲ್ಲಿ ನಾಲ್ಕು ದಿನದವರೆಗೆ ಬಂದಿದ್ದೇವೆ.
ಮುಳುಗಲೂಬಹುದು. ನಾನು ದಾಟಿಸಹೊರಟ ಹನ್ನೊಂದರಲ್ಲಿ
ಎಂಟು ನಡುನೀರಿನಲ್ಲೇ ಉಳಿದವು;
ಆ ನಮೂನೆಗಳೂ ನನ್ನ ಬೀರುವಿನಲ್ಲಿವೆ.

ಭಾನುವಾರ ಐಲಾ ಈಗಲೂ ಬಂಡೆಗೆ ಹೋಗುತ್ತಾರೆ,
ಸ್ಕೇಲು ಹಿಡಿದು. ಈ ವರ್ಷದ ಅರ್ಧ ಮಿಲಿಮೀಟರು
ಆಗಿದೆಯಂತೆ. ಅದನ್ನು ಯಾರಿಗೂ ಮಾರುವುದಿಲ್ಲ,
ಬರೆದುಕೋ, ಎಂದರು.
ಅಂಥ ಕಾಲಮ್ಮು ನಮೂನೆಯಲ್ಲಿಲ್ಲ.
ಅಂಚಿನಲ್ಲಿ ಬರೆದುಕೊಂಡೆ.