ಉಗ್ರಾಣದ ಲೆಕ್ಕ

ನಲವತ್ತೊಂದು ಇದ್ದವು. ಈಗ ನಲವತ್ತು.
ಪಾಳಿಗೊಮ್ಮೆ ಮುಟ್ಟಿ ಎಣಿಸಬೇಕೆಂಬುದು ಕಟ್ಟಳೆ,
ಕೈಗವಸು ಕಳಚಿ ಮುಟ್ಟುವುದು ನನ್ನ ರೂಢಿ.
ಒಳಗಿನ ಪ್ಲುಟೋನಿಯಂ ತನ್ನಷ್ಟಕ್ಕೆ ತಾನು ಕಾಯುತ್ತದೆ,
ನಾವೂ ಕಾಯುತ್ತೇವೆ.
ಈ ಹಡಗಿನಲ್ಲಿ ಬೆಚ್ಚಗಿರುವ ಜಾಗ ಇದೊಂದೇ.
ಚಳಿ ಹೆಚ್ಚಾದ ದಿನ ತೊಲೆಗೆನ್ ಬಂದು
ಹದಿನೇಳನೆಯದಕ್ಕೆ ಬೆನ್ನು ಆನಿಸಿ, ಪಟ್ಟಿ ಬಿಗಿದುಕೊಂಡು,
ಕಾಲುಚೀಲ ಒಣಗಿಸಿಕೊಳ್ಳುತ್ತಾನೆ.
ಬೈಯುವುದಿಲ್ಲ ನಾನು. ಲೆಕ್ಕ ತಪ್ಪದಿದ್ದರೆ ಸಾಕು.

ಚಿಕ್ಕಂದಿನಲ್ಲಿ ಭೂಮಿಯ ಹಳೆಯ ಚಿತ್ರ ತೋರಿಸಿದ್ದರು:
ಅಣಬೆಯಂಥ ಹೊಗೆ, ಮಡಚಿ ಬಿದ್ದ ಮನೆಗಳು.
ಅಲ್ಲಿ ಅದು ಕೊಂದದ್ದೆಲ್ಲ ಕಡದ ಮೇಲೆ.
ಗಾಳಿಯಿಂದ ತೋಳು ಕಡ ತಂದಿತು,
ಮಣ್ಣಿನಿಂದ ಮೈ,
ಕೂಗುವುದಕ್ಕೆ ಗಂಟಲನ್ನೂ.
ಇಲ್ಲಿ ಕಡ ಕೊಡುವವರು ಯಾರೂ ಇಲ್ಲ.
ಬರೀ ಬೆಳಕು. ಹುಟ್ಟಿದ ಗಳಿಗೆಗೇ
ದಿಕ್ಕುದಿಕ್ಕಿಗೆ ಹಂಚಿಹೋಗಿ ಬಡವಾಗುವ ಬೆಳಕು,
ದೂರ ಎರಡರಷ್ಟಾದರೆ ಪಾಲು ನಾಲ್ಕರಲ್ಲೊಂದು.
ನಮ್ಮ ಗುರಿಗಾರರು ಹೀಗಳೆಯುತ್ತಾರೆ:
"ದುಂದುಗಾರ ಇದು. ಶತ್ರುವಿನ ಮಡಿಲಲ್ಲೇ ಕೂರದಿದ್ದರೆ
ಬಣ್ಣ ಸುಟ್ಟು ಮುಗಿಯಿತು."

ಐದನೆಯದು ಸಿಡಿದದ್ದು ಮೂವತ್ತು ಕಿಲೋಮೀಟರ್ ಆಚೆ.
ನಮ್ಮ ಅಡುಗೆಮನೆಯಲ್ಲಿ ಒಂದು ಚಮಚವೂ ಅಲುಗಲಿಲ್ಲ.
ರಿಯಾದವರ ಹಡಗು ತಿಲ್ದಾ ಒಂದು ಮಗ್ಗುಲು ಕಪ್ಪಾಗಿ
ಶನಿಯ ಬಳೆಗಳ ಮೇಲೆ ಸುಮ್ಮನೆ ತೇಲಿತು.
ಗುರಿ ತಪ್ಪಿತು ಅಂತ ದಿನಚರಿಯಲ್ಲಿ ಬರೆದರು.

ಒಳಗೆ ಅರವತ್ತಮೂರು ಜನ.
ನೀರಿನ ತೊಟ್ಟಿಯ ಹಿಂದೆ ಮಲಗಿದ್ದವರು ಉಳಿದರು.
ಮಿಕ್ಕವರಿಗೆ ಮೊದಲ ದಿನ ವಾಂತಿ,
ಮೂರನೆಯ ದಿನ ಹಸಿವು, ನಗು,
ಹುಷಾರಾದೆವು ಎಂಬ ನಂಬಿಕೆ.
ಆಮೇಲೆ ಕೂದಲು.

ನಾವೂ ಅವರೂ ಒಂದೇ ಕಕ್ಷೆ, ರೇಡಿಯೋಗೆ ಬೇಲಿಯಿಲ್ಲ.
ಏಳನೆಯ ರಾತ್ರಿ (ರಾತ್ರಿಯೆಂದರೆ ದೀಪ ಇಳಿಸಿದ ಹೊತ್ತು)
ವ್ಯಾಪಾರದ ಮುರುಕು ಭಾಷೆಯಲ್ಲಿ ಒಬ್ಬ ಕರೆದ:
"ನಾನು ಒಸ್ಮೊ ರಾಂತಾ, ತಿಲ್ದಾದ ಉಗ್ರಾಣಿ.
ಹಡಗು ಬಿಡುವ ಮುನ್ನ ಲೆಕ್ಕ ಒಪ್ಪಿಸಬೇಕು ನಮ್ಮಲ್ಲಿ.
ನನ್ನ ಮೇಲಿನವರು ಯಾರೂ ಏಳುವ ಹಾಗಿಲ್ಲ.
ಕೇಳಿಸಿಕೊಳ್ಳುವವರು ಇದ್ದೀರಾ?"
ಸುಮ್ಮನಿರಬೇಕಿತ್ತು.
"ಹೇಳು," ಅಂದೆ. "ನಾನೂ ಉಗ್ರಾಣದವಳೇ."

ಆಲೂಗಡ್ಡೆ ನಾನೂರ ಹನ್ನೆರಡು ಕಿಲೋ,
ಅದರಲ್ಲಿ ಮೊಳಕೆ ಬಂದದ್ದು ಮೂವತ್ತು.
ಪಾಚಿಹಿಟ್ಟು ಒಂಬತ್ತು ಮೂಟೆ, ಒಂದು ಹರಿದಿದೆ.
ಉಪ್ಪು ಸಾಕಷ್ಟು.
"ಸಾಕಷ್ಟು ಅನ್ನುವುದು ಲೆಕ್ಕವಲ್ಲ. ಪೊಟ್ಟಣ ಎಣಿಸು."
ಬಹಳ ಹೊತ್ತು ಹೋಗಿ ಬಂದ. ಹದಿನಾಲ್ಕು.
ಮಕ್ಕಳ ಬೂಟು, ಎರಡು ಜೊತೆ.
"ಯುದ್ಧದ ಹಡಗಿನಲ್ಲಿ ಮಕ್ಕಳ ಬೂಟೇ?"
"ಯಾರೋ ಮನೆಗೆ ಒಯ್ಯಲು ಕೊಂಡದ್ದು.
ಪಟ್ಟಿಯಲ್ಲಿಲ್ಲ. ಇದೆಯಲ್ಲ, ಬರಕೊ."
ಬರಕೊಂಡೆ.
ಬಾಂಬು: ಸೊನ್ನೆ.
"ಹದಿನೆಂಟು ತರಬೇಕಿತ್ತು. ಆಲೂಗಡ್ಡೆ ಇಟ್ಟಮೇಲೆ
ಜಾಗ ಸಾಲಲಿಲ್ಲ," ಅಂದ.
ನಗುತ್ತಿದ್ದನೋ, ಕೆಮ್ಮುತ್ತಿದ್ದನೋ.

ನನ್ನ ಬಳಿ ಬೇರೆ ಪುಸ್ತಕ ಇರಲಿಲ್ಲ.
ನೋಡಿ, ಈಗಲೂ ಇದೆ: ಸಿಡಿತಲೆ ನಲವತ್ತು,
ಅದರ ಕೆಳಗೇ ಆಲೂಗಡ್ಡೆ.
ತಪಾಸಣೆಗೆ ಬಂದ ಕುವಾನಿಶ್ ಬೆರಳಿಟ್ಟು ಕೇಳಿದ:
"ಇದು ಯಾರ ಸಾಮಾನು, ದಾಮೆಶ್?"
"ಒಪ್ಪಿಸಿಕೊಂಡದ್ದು."
"ಎಲ್ಲಿದೆ?"
ಕಿಟಕಿ ತೋರಿಸಿದೆ. ಬಳೆಗಳ ಧೂಳು ಹೊಳೆಯುತ್ತಿತ್ತು.
ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ಹೋದ,
ಹೊಡೆದುಹಾಕಿದ್ದೋ, ಅಡಿಗೆರೆಯೋ
ಇವತ್ತಿಗೂ ಓದಲು ಬರುವುದಿಲ್ಲ.

ಟ್ರಿಟಿಯಂ ಹನ್ನೆರಡು ವರ್ಷಕ್ಕೆ ಅರ್ಧ ಕರಗುತ್ತದೆ.
ಬಿಟ್ಟರೆ ಇವೂ ತಮ್ಮ ಕಸುಬು ಮರೆಯುತ್ತವೆ.
ಮರೆಯದ ಹಾಗೆ ಊಡುವುದು ನನ್ನ ಕೆಲಸ.
ನಾಳೆ ಹದಿನೇಳನೆಯದರ ಸರದಿ.
ತೊಲೆಗೆನ್‌ಗೆ ಹೇಳಬೇಕು,
ಕಾಲುಚೀಲ ತೆಗೆಯಲಿ.