ಒಂದೆಸಳು ಕಮ್ಮಿ

ಗ್ರೊನಿಂಗನ್ನಿನ ಬಯಲಲ್ಲಿ ನಾನು
ಗ್ಯಾಸಿನ ಮೀಟರು ಕೀಳುವವನು.
ಅಪ್ಪ ಹೂತ ಕೊಳವೆಗೆ ಮಗ ಬಿರಡೆ ಬಿಗಿಯುತ್ತಾನೆ,
ಇಬ್ಬರಿಗೂ ಸಂಬಳ ಬಂತು.

ಈವತ್ತಿನದು ಫ್ರೌಕೆಯ ಮನೆ. ಎಂಬತ್ತೆರಡು ವರುಷ.
ಬಾಗಿಲು ತೆಗೆದವಳೇ ಅಂದಳು,
"ಮೆಲ್ಲಗೆ ಹಾಕು. ಗೋಡೆ ನೋಯುತ್ತದೆ."

ನಿಜ. ಅಡುಗೆಮನೆಯ ಮೂಲೆಯಿಂದ ಹೊರಟ ಬಿರುಕು
ಗಡಿಯಾರದ ಹಿಂದೆ ಹೊಕ್ಕು
ಕ್ಯಾಲೆಂಡರಿನ ಪಕ್ಕ ಎದ್ದು
ಹೇಳದೆ ಕೇಳದೆ ಮಹಡಿ ಹತ್ತಿದೆ.
ಅದಕ್ಕೆ ಅಡ್ಡಲಾಗಿ ಎಂಜಿನಿಯರು ಅಂಟಿಸಿಹೋದ
ಮಿಲಿಮೀಟರಿನ ಪಟ್ಟಿ.
ಅಡಿಯಿಂದ ಗ್ಯಾಸು ಹೀರಿ ಹೀರಿ
ಒಮ್ಮೊಮ್ಮೆ ರಾತ್ರಿ ನೆಲ ಮೈಮುರಿಯುತ್ತದೆ;
ಕಪಾಟಿನ ತಟ್ಟೆಗಳು ಪಿಸುಗುಟ್ಟುತ್ತವೆ.
"ನನ್ನ ಸಾರು ಕುದಿಯಲೆಂದೇ
ನನ್ನ ಗೋಡೆ ಸೀಳಿತೇನಪ್ಪ?"
ಲೆಕ್ಕ ಹಾಕಿದರೆ ಹೌದು.
ನಾನು ಲೆಕ್ಕದವನಲ್ಲ ಅಂದೆ.

ಮೇಜಿನ ಮೇಲೆ ಪಾತ್ರೆಗಳ ಪಂಕ್ತಿ.
ಫ್ರಿಜ್ಜಿನಿಂದ ಕಿತ್ತ ಆಯಸ್ಕಾಂತ, ಒಂದು ಪುಟಾಣಿ ಆನೆ,
ಅದನ್ನು ಹಿಡಿದು ಒಂದೊಂದನ್ನೂ ಪರೀಕ್ಷೆ ಮಾಡುತ್ತಿದ್ದಳು.
ಕಬ್ಬಿಣದ ಬಾಣಲೆಗೆ ಟಕ್ಕನೆ ಕಚ್ಚಿತು.
ಎನಾಮಲಿನ ಬೋಗುಣಿಗೂ.
ತಾಯಿಯ ಕಾಲದ ಅಲ್ಯುಮಿನಿಯಂ ಪಾತ್ರೆಗೆ ಮಾತ್ರ
ಆನೆ ಹತ್ತಿತು, ಜಾರಿತು. ಹತ್ತಿತು, ಜಾರಿತು.
ಯುದ್ಧದ ಚಳಿಗಾಲ ಪಟ್ಟಣದಿಂದ ಬಂದ ಮಕ್ಕಳಿಗೆ
ಮಜ್ಜಿಗೆಗಂಜಿ ಕಾಸಿದ್ದಂತೆ ಅದು. ಒಂದು ಕಿವಿ ಇಲ್ಲ.
"ಹೊಸ ಒಲೆಗೆ ಇದು ಪಾತ್ರೆಯೇ ಅಲ್ಲ."
"ಮತ್ತೇನು?"
"ಏನೂ ಅಲ್ಲ. ಇಟ್ಟರೂ ಅದಕ್ಕೆ ಕಾಣುವುದಿಲ್ಲ."
ಆಕೆ ಅದನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು.

ಆಮೇಲೆ ಕೊನೆಯದೊಂದು ಕಾಫಿ.
ಕಡ್ಡಿ ಗೀರಿದಳು. ಹೂ ಬಿಟ್ಟ ಹಾಗೆ ನೀಲಿ,
ಒಂದು ತೂತು ಕಟ್ಟಿ ಒಂದೆಸಳು ಕಮ್ಮಿ.
"ಸರಿಮಾಡುತ್ತೇನೆ, ಸರಿಮಾಡುತ್ತೇನೆ ಅಂತಲೇ
ಹೋಗಿಬಿಟ್ಟ ಮನುಷ್ಯ."
ನಾನು ಸ್ಪ್ಯಾನರು ಹಿಡಿದು ಕಾದೆ.
ಹಾಲು ಉಕ್ಕಲು ಬಂದಾಗ
ಕಣ್ಣು ಕಿಟಕಿಯಲ್ಲಿಟ್ಟುಕೊಂಡೇ ಉರಿ ತಗ್ಗಿಸಿದಳು:
ಅರವತ್ತು ವರ್ಷದ ಬೆರಳಿಗೆ ಗೊತ್ತು
ಎಷ್ಟು ತಿರುಗಿಸಿದರೆ ಎಷ್ಟು ನೀಲಿ.

ಬಿರಡೆ ಬಿಗಿದೆ. ಸೋಪಿನ ನೀರು ಸವರಿದೆ,
ಗುಳ್ಳೆ ಏಳಲಿಲ್ಲ.
ಕಾಗದಕ್ಕೆ ಸಹಿ ಹಾಕಿದಳು,
ಹಾಲಿನವನ ಲೆಕ್ಕಕ್ಕೆ ಹಾಕುವಷ್ಟೇ ಸಲೀಸಾಗಿ.

ಹೊಸ ಒಲೆ ಕರಿ ಗಾಜು. ಮುಟ್ಟಿದರೆ ಕುಂಯ್ ಅನ್ನುತ್ತದೆ.
ಹಿತ್ತಲಲ್ಲಿ ಶಾಖದ ಪಂಪು ಗುರುಗುಟ್ಟಿತು;
ಬೆಚ್ಚಗಿರಬಹುದೆಂದು ಎದುರು ಹೋಗಿ ಕೂತ ಬೆಕ್ಕು
ತಣ್ಣನೆ ಗಾಳಿ ತಿಂದು, ನನ್ನನ್ನು ನೋಡಿತು.
ಎರಡೇ ನಿಮಿಷಕ್ಕೆ ನೀರು ಕುದಿಯಿತು.
ಅಭ್ಯಾಸಬಲ. ಆಕೆ ಬಾಗಿ ಪಾತ್ರೆಯಡಿ ಇಣುಕಿದಳು.
"ಯಾರೂ ಇಲ್ಲವಲ್ಲೋ!"
"ಒಲೆ ಅಲ್ಲ ಅಜ್ಜಿ, ಪಾತ್ರೆ ತಾನೇ ಬಿಸಿಯಾಗುತ್ತದೆ."
"ಸರಿ. ನಾನೂ ಎಷ್ಟೋ ವರ್ಷ ಹಾಗೇ."

ಹೊರಟಾಗ ಕೇಳಿದಳು, "ನಿನ್ನ ಮನೆಯಲ್ಲಿ?"
ನಮ್ಮ ಬೀದಿಯ ಸರದಿ ಮುಂದಿನ ವರ್ಷ ಅಂದೆ,
ಕಳ್ಳನ ಹಾಗೆ.
"ಹಾಗಾದರೆ ಇದಕ್ಕೆ ಇನ್ನೊಂದು ವರ್ಷ ಉಂಟು,"
ಕಿವಿಯಿಲ್ಲದ ಪಾತ್ರೆ ನನ್ನ ಕೈಗಿಟ್ಟಳು.

ರಾತ್ರಿ ಅದರಲ್ಲೇ ಹಾಲಿಟ್ಟೆ.
ನನ್ನ ಒಲೆಯ ಹೂವಿಗೆ ಎಲ್ಲ ಎಸಳೂ ಇದ್ದವು.
ಕೆನೆ ಕಟ್ಟುವ ಹೊತ್ತಿಗೆ
ಕಪಾಟಿನಲ್ಲಿ ತಟ್ಟೆಗಳು
ಏನೋ ಪಿಸುಗುಟ್ಟಿದವು.

ಉರಿ ತಗ್ಗಿಸಿದೆ.